'ಹೌದು' ಎಂದವರು ಯಾರು?

ಚುನಾವಣೆ ಸಮೀಪಿಸಿದಾಗ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಒಂದು ಬಗೆಯ ಪುಸ್ತಕ ಅಚ್ಚಾಗಿ ಮನೆಮನೆಗೆ ಬರುತ್ತದೆ. ಅದಕ್ಕೆ ಬೆಲೆಯಿಲ್ಲ, ಲೇಖಕನ ಹೆಸರಿಲ್ಲ, ಯಾವ ಪತ್ರಿಕೆಯಲ್ಲೂ ಅದರ ವಿಮರ್ಶೆ ಬರುವುದಿಲ್ಲ. ನುಣುಪು ಕಾಗದ, ಬಣ್ಣದ ಮುಖಪುಟ, ಒಳಗೆ ಶಾಸಕರ ಸಾಧನೆಗಳ ಪಟ್ಟಿ. ಬೇರೆ ಬೇರೆ ಪಕ್ಷಗಳ ಇಂತಹ ಕೈಪಿಡಿಗಳನ್ನು ನಾವು ಎಸೆಯದೆ ಇಟ್ಟುಕೊಂಡಿದ್ದೇವೆ. ಕಾದಂಬರಿ, ಕವನ ಸಂಕಲನಗಳನ್ನು ವಿಮರ್ಶಿಸುವ ಪುಟಗಳಲ್ಲಿ ಇವನ್ನೂ ಒಮ್ಮೆ ಕೂತು ಓದಿದರೆ ತಪ್ಪೇನು ಎನಿಸಿತು. ನಮ್ಮ ಭಾಗದಲ್ಲಿ ಅತಿ ಹೆಚ್ಚು ಜನರ ಕೈಗೆ ತಲುಪುವ ಕನ್ನಡ ಗದ್ಯ ಬಹುಶಃ ಇದೇ.

ಓದಿದೆವು. ಸಿ.ಸಿ. ರಸ್ತೆ, ಚರಂಡಿ, ಕೊಳವೆಬಾವಿ, ಸಮುದಾಯ ಭವನ, ಶಾದಿ ಮಹಲ್, ಖಬರಸ್ತಾನದ ಕಾಂಪೌಂಡು, ಗುಡಿಯ ಜೀರ್ಣೋದ್ಧಾರ, ಶಾಲೆಯ ಕೊಠಡಿ. ಪ್ರತಿಯೊಂದರ ಮುಂದೆ ಲಕ್ಷದ ಲೆಕ್ಕ. ನಡುನಡುವೆ ಗುದ್ದಲಿ ಪೂಜೆಯ ಚಿತ್ರಗಳು. ಕೊನೆಯ ಪುಟದಲ್ಲಿ ಕ್ಯಾಲೆಂಡರ್. ಪಕ್ಷ ಬದಲಾದರೆ ಬಾವುಟದ ಬಣ್ಣ ಬದಲಾಗುತ್ತದೆ, ಪಟ್ಟಿ ಅದೇ. ಐದು ವರ್ಷ ಇವರು ವಿಧಾನಸಭೆಯಲ್ಲಿ ಕೂತು ಯಾವ ಯಾವ ಮಸೂದೆಗೆ 'ಹೌದು' ಎಂದರು, ಯಾವುದಕ್ಕೆ 'ಇಲ್ಲ' ಎಂದರು, ಯಾವ ದಿನ ಸದನದಲ್ಲೇ ಇರಲಿಲ್ಲ ಎಂಬುದರ ಬಗ್ಗೆ ಒಂದು ಸಾಲೂ ನಮಗೆ ಸಿಗಲಿಲ್ಲ.

'ಶಾಸಕ' ಎಂಬ ಪದವನ್ನೇ ನೋಡಿ. ಶಾಸನ ಮಾಡುವವನು ಶಾಸಕ. ರಸ್ತೆ ಮಾಡಿಸುವವನು ಎಂಬ ಅರ್ಥ ಆ ಪದದೊಳಗೆ ಎಲ್ಲೂ ಇಲ್ಲ. ನಮ್ಮ ಈ ಸೀಮೆಯ ಹಾಳುಗುಡಿಗಳಲ್ಲಿ, ಹೊಲದ ಬದುಗಳಲ್ಲಿ ಹಳೆಯ ಶಿಲಾಶಾಸನಗಳು ಸಿಗುತ್ತವೆ. ಅವುಗಳಲ್ಲಿ ದತ್ತಿ ಕೊಟ್ಟವನ ಹೆಸರಿರುತ್ತದೆ, ಅನೇಕ ಕಡೆ ಅದಕ್ಕೆ ಸಾಕ್ಷಿಯಾದವರ ಹೆಸರೂ ಇರುತ್ತದೆ. ಸಾವಿರ ವರ್ಷದ ಹಿಂದೆ ಕಲ್ಲಿಗೆ ಇದ್ದ ಈ ಶಿಸ್ತು ಇಂದಿನ ಶಾಸನಕ್ಕೆ ಇಲ್ಲ.

ಶಾಸಕರನ್ನು ದೂರುವ ಮೊದಲು ನಮ್ಮ ಕಡೆ ನೋಡಿಕೊಳ್ಳೋಣ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಎಂದು ರಾಜ್ಯದಲ್ಲಿ ಪ್ರತಿ ಶಾಸಕರಿಗೂ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಸಂಸದರ ನಿಧಿ 1993ರಲ್ಲಿ ಆರಂಭವಾಗಿ ಈಗ ವರ್ಷಕ್ಕೆ 5 ಕೋಟಿಗೆ ಬಂದಿದೆ. ಈ ಹಣ ಬಂದ ಮೇಲೆ ಮತದಾರನೂ ಪ್ರತಿನಿಧಿಯೂ ಒಂದು ಒಪ್ಪಂದಕ್ಕೆ ಬಂದಂತಿದೆ: ನೀನು ಓಣಿಯ ಕೆಲಸ ಮಾಡಿಸು, ಸದನದಲ್ಲಿ ಏನು ಮಾಡಿದೆ ಎಂದು ನಾವು ಕೇಳುವುದಿಲ್ಲ. ಶಾಸಕರು ಊರಿಗೆ ಬಂದಾಗ ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಂದಿಲ್ಲ ಎನ್ನುತ್ತೇವೆ. ನ್ಯಾಯವಾದ ದೂರೇ. ಆದರೆ ಆ ನೀರು ಹರಿಯಬೇಕಾದ ಭೂಮಿಯನ್ನು ಯಾರು ಕೊಳ್ಳಬಹುದು ಎಂಬ ಕಾನೂನನ್ನು ಅದೇ ಶಾಸಕರ ಸದನ ಬದಲಿಸಿದಾಗ ನಾವು ಬಾಯಿ ತೆರೆಯುವುದಿಲ್ಲ.

2020ರ ಆ ಬದಲಾವಣೆಯನ್ನೇ ತೆಗೆದುಕೊಳ್ಳೋಣ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೆಚ್ಚಿನ ವರಮಾನದ ಕೃಷಿಯೇತರರು, ಕಂಪೆನಿಗಳು ಸಾಗುವಳಿ ಭೂಮಿ ಕೊಳ್ಳದಂತೆ ತಡೆದಿದ್ದವು. ಆ ವರ್ಷದ ಜುಲೈಯಲ್ಲಿ ಸುಗ್ರೀವಾಜ್ಞೆಯ ಮೂಲಕ ಅವನ್ನು ಕಿತ್ತುಹಾಕಲಾಯಿತು. ಸೆಪ್ಟೆಂಬರ್ 26ರಂದು ವಿಧಾನಸಭೆ ಮಸೂದೆಯನ್ನು ಅಂಗೀಕರಿಸಿತು. ಡಿಸೆಂಬರ್ 8ರಂದು ವಿಧಾನ ಪರಿಷತ್ತಿನಲ್ಲಿ ಅದು ಮತಕ್ಕೆ ಬಂದಾಗ ತಲೆ ಎಣಿಸಲಾಯಿತು. ಪರವಾಗಿ 37, ವಿರುದ್ಧ 21. ಮೊದಲು ವಿರೋಧಿಸಿದ್ದ ಜೆಡಿಎಸ್ ಆ ದಿನ ಸರಕಾರದ ಪರ ನಿಂತದ್ದು ಆ ಎಣಿಕೆಯಲ್ಲಿ ಕಾಣಿಸಿಕೊಂಡಿತು. ಬೆಂಗಳೂರಿನಲ್ಲಿ ಧರಣಿ ಕೂತಿದ್ದ ರೈತ ಸಂಘಟನೆಗಳ ಸಿಟ್ಟು ಆ ಪಕ್ಷದ ಕಡೆ ತಿರುಗಿತು. ಎಚ್.ಡಿ. ಕುಮಾರಸ್ವಾಮಿಯವರು ತಮ್ಮ ನಿಲುವು ಏಕೆ ಬದಲಾಯಿತು ಎಂದು ವಿವರಣೆ ಕೊಡಬೇಕಾಯಿತು. ಆ ವಿವರಣೆ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ವಿವರಣೆ ಕೊಡಬೇಕಾದ ಸ್ಥಿತಿ ಬಂತಲ್ಲ, ಅದು ಎಣಿಕೆಯಿಂದ ಬಂದದ್ದು.

ಇದಾದ ಮರುದಿನವೇ, ಡಿಸೆಂಬರ್ 9ರಂದು, ವಿಧಾನಸಭೆಯಲ್ಲಿ ಗೋಹತ್ಯೆ ನಿಷೇಧ ಮಸೂದೆ ಬಂತು. ಚರ್ಚೆಯೇ ಇಲ್ಲದೆ, ಕಾಂಗ್ರೆಸ್ ಸದಸ್ಯರ ಪ್ರತಿಭಟನೆಯ ನಡುವೆ ಅಂಗೀಕಾರವಾಯಿತು. ಪರಿಷತ್ತಿನಲ್ಲಿ ಆಡಳಿತ ಪಕ್ಷಕ್ಕೆ ಸ್ವಂತ ಬಹುಮತವಿರಲಿಲ್ಲ. ಈ ಮಸೂದೆಯ ಮಟ್ಟಿಗೆ ಜೆಡಿಎಸ್ ಕೂಡ ವಿರೋಧ ಹೇಳಿತ್ತು. ಆದರೂ 2021ರ ಫೆಬ್ರವರಿ 8ರಂದು, ಸದಸ್ಯರು ಪೀಠದ ಮುಂದೆ ನಿಂತು ಕೂಗುತ್ತಿದ್ದಾಗ, ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತು ಎಂದು ಪೀಠದಿಂದ ಘೋಷಣೆ ಬಂತು. ಅದೇ ಸದನ, ಅದೇ ಪಕ್ಷಗಳು, ನಡುವೆ ಸರಿಯಾಗಿ ಎರಡು ತಿಂಗಳು. ಸಂಖ್ಯೆ ಇದ್ದಾಗ ತಲೆ ಎಣಿಸಿದರು, ಸಂಖ್ಯೆ ಅನುಮಾನವಿದ್ದಾಗ ದನಿ ಕೇಳಿದರು.

ಧ್ವನಿಮತ ಎಂದರೇನು ಎಂದು ತಿಳಿಯದ ಓದುಗರೂ ಇರಬಹುದು. ಪ್ರಸ್ತಾವದ ಪರ ಇರುವವರು 'ಹೌದು' ಎನ್ನಿ, ವಿರುದ್ಧ ಇರುವವರು 'ಇಲ್ಲ' ಎನ್ನಿ ಎಂದು ಪೀಠದಿಂದ ಕೇಳುತ್ತಾರೆ. ಯಾವ ದನಿ ದೊಡ್ಡದು ಎಂದು ಪೀಠದ ಕಿವಿ ತೀರ್ಮಾನಿಸುತ್ತದೆ. ನಡವಳಿಯಲ್ಲಿ 'ಅಂಗೀಕರಿಸಲಾಯಿತು' ಎಂಬ ಒಂದು ಮಾತು ಉಳಿಯುತ್ತದೆ. 'ಲಾಯಿತು' ಎಂಬ ನಮ್ಮ ಕನ್ನಡದ ಕರ್ಮಣಿ ಪ್ರಯೋಗ ಎಷ್ಟು ಅನುಕೂಲದ್ದು ನೋಡಿ! ಕೆಲಸ ಆಗಿದೆ, ಮಾಡಿದವರಿಲ್ಲ. ಸದನದ ನಡವಳಿಯನ್ನು ಒಂದು ಪುಸ್ತಕವೆಂದು ಓದಿದರೆ ಅದರ ದೊಡ್ಡ ದೋಷ ಇದು. ಯಾರು ಎಷ್ಟು ಹೊತ್ತಿಗೆ ಏನು ಕೂಗಿದರು ಎಂಬುದೂ ಅದರಲ್ಲಿ ಸಿಗಬಹುದು, ಕಾನೂನಿಗೆ ಯಾರು ಒಪ್ಪಿದರು ಎಂಬುದು ಮಾತ್ರ ಸಿಗುವುದಿಲ್ಲ.

ಆಗ ನಮ್ಮ ಜಿಲ್ಲೆಯಿಂದ ವಿಧಾನಸಭೆಯಲ್ಲಿ ಇದ್ದವರು ನಾಲ್ವರು. ಸುರಪುರದಿಂದ ಬಿಜೆಪಿಯ ನರಸಿಂಹ ನಾಯಕ (ರಾಜೂಗೌಡ), ಯಾದಗಿರಿಯಿಂದ ಬಿಜೆಪಿಯ ವೆಂಕಟರೆಡ್ಡಿ ಮುದ್ನಾಳ, ಶಹಾಪುರದಿಂದ ಕಾಂಗ್ರೆಸ್ಸಿನ ಶರಣಬಸಪ್ಪ ದರ್ಶನಾಪುರ, ಗುರುಮಠಕಲ್‌ನಿಂದ ಜೆಡಿಎಸ್‌ನ ನಾಗನಗೌಡ ಕಂದಕೂರ. ಡಿಸೆಂಬರ್ 9ರ ಮಸೂದೆಗೆ ಈ ನಾಲ್ವರಲ್ಲಿ ಯಾರು ಏನೆಂದರು? ಪಕ್ಷ ನೋಡಿ ಊಹಿಸಬಹುದು. ಊಹೆ ದಾಖಲೆಯಲ್ಲ. 'ನಾನು ಆ ದಿನ ಸದನದಲ್ಲಿರಲಿಲ್ಲ', 'ನನಗೆ ಮನಸ್ಸಿರಲಿಲ್ಲ' ಎಂದು ನಾಳೆ ಯಾರಾದರೂ ಹೇಳಿದರೆ ನಾವು ಯಾವ ಕಾಗದ ತೋರಿಸಿ ಅಲ್ಲ ಎನ್ನುವುದು? ಹೌದು ಎನ್ನುವುದಕ್ಕೂ ಕಾಗದವಿಲ್ಲ. ಒಬ್ಬ ಶಾಸಕ ನಿಜವಾಗಿಯೂ ತನ್ನ ಕ್ಷೇತ್ರದ ರೈತರಿಗಾಗಿ 'ಇಲ್ಲ' ಎಂದಿದ್ದರೂ ಆ ಪುಣ್ಯ ಅವನ ಖಾತೆಗೆ ಜಮೆಯಾಗುವುದಿಲ್ಲ.

ಈ ಕಾನೂನನ್ನು ನಮ್ಮಲ್ಲಿ ಅನೇಕರು 'ಮುಸ್ಲಿಮರ ಪ್ರಶ್ನೆ' ಎಂದು ಬದಿಗಿಟ್ಟರು. ಮಾಂಸದ ವ್ಯಾಪಾರದ ಖುರೇಷಿಗಳಿಗೆ ಪೆಟ್ಟು ಬಿದ್ದದ್ದು ನಿಜ. ಆದರೆ ವಾರದ ಸಂತೆಗೆ ಮುದಿ ಎತ್ತು ಹೊಡೆದುಕೊಂಡು ಬರುವವನು ಯಾರು? ತೊಗರಿ, ಹತ್ತಿ ಬೆಳೆಯುವ ಎರಡು ಮೂರು ಎಕರೆಯ ಒಕ್ಕಲಿಗ. 1964ರ ಹಳೆಯ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ ಎತ್ತು, ಕೋಣ, ಎಮ್ಮೆಗಳಿಗೆ ಅವಕಾಶವಿತ್ತು. ದುಡಿಯಲಾರದ ಎತ್ತನ್ನು ಮಾರಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಆತ ಎಳೆಯ ಹೋರಿ ಕೊಳ್ಳುತ್ತಿದ್ದ. ಹೊಸ ಕಾನೂನಿನಲ್ಲಿ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಉಳಿದದ್ದಕ್ಕೆಲ್ಲ ನಿಷೇಧ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಚರ್ಮದ ಕೆಲಸದ ದಲಿತ ಕುಟುಂಬಗಳ ಮಾತು ಯಾರೂ ಎತ್ತಲಿಲ್ಲ. ಬರಗಾಲದ ವರ್ಷ ಮೇವಿಲ್ಲದೆ ಎತ್ತು ಮಾರಲು ನಿಂತವನಿಗೆ ಗಿರಾಕಿ ಏಕೆ ಬರುತ್ತಿಲ್ಲ ಎಂದು ಗೊತ್ತು. ಗಿರಾಕಿ ಬಾರದಂತೆ ಮಾಡಿದ ಕಾನೂನಿಗೆ ತನ್ನ ಶಾಸಕ ಕೈಯೆತ್ತಿದ್ದನೇ ಎಂಬುದು ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ದಾರಿಯೂ ಇಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ನಮ್ಮ ಸಮುದಾಯದ ಓದುಗರು ಮೆಚ್ಚಿ ತಲೆದೂಗಬಹುದು. ಮುಂದಿನದ್ದನ್ನೂ ಓದಬೇಕು. 2025ರ ಮಾರ್ಚ್ 21ರಂದು, ಕಾಂಗ್ರೆಸ್ ಸರಕಾರವಿದ್ದಾಗ, ಸರಕಾರಿ ಗುತ್ತಿಗೆಗಳಲ್ಲಿ 2ಬಿ ಪ್ರವರ್ಗದ ಮುಸ್ಲಿಮರಿಗೆ ಶೇ. 4 ಮೀಸಲು ಕೊಡುವ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಅಂದೂ ಗದ್ದಲ. ಬಿಜೆಪಿಯ 18 ಶಾಸಕರು ಅಮಾನತಾದರು. ಅಂದೂ ಹೆಸರುಗಳ ದಾಖಲೆ ಇಲ್ಲ. ನಮಗೆ ಬೇಕಾದ ಮಸೂದೆ ಹೀಗೆ ಬಂದಾಗ ನಾವು ತಕರಾರು ಎತ್ತಲಿಲ್ಲ. ರಾಜ್ಯಪಾಲರು ಅದನ್ನು ರಾಷ್ಟ್ರಪತಿಯ ಪರಿಶೀಲನೆಗೆ ಕಾದಿರಿಸಿದಾಗ, ಸದನದಲ್ಲಿ ಇದಕ್ಕೆ ಇಷ್ಟು ಜನ ಹೆಸರು ಹೇಳಿ ನಿಂತಿದ್ದಾರೆ ಎಂದು ತೋರಿಸಲು ನಮ್ಮ ಬಳಿ ಏನೂ ಇರಲಿಲ್ಲ. ವೇದಿಕೆಯ ಮೇಲೆ ನಮ್ಮ ಪರ ಮಾತಾಡುವ ಎಷ್ಟು ಶಾಸಕರು ಅಂದು ಸದನದಲ್ಲಿ ಕೂತಿದ್ದರು ಎಂದು ಕೇಳುವ ಧೈರ್ಯ ನಮಗಿರಬೇಕಿತ್ತು.

ಅದೇ ದಿನ ಅದೇ ಗದ್ದಲದಲ್ಲಿ ಇನ್ನೊಂದು ಮಸೂದೆಯೂ ದಾಟಿಹೋಯಿತು. ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆ. ಚರ್ಚೆಯಿಲ್ಲ, ಎಣಿಕೆಯಿಲ್ಲ. ಗದ್ದಲ ಆಡಳಿತ ಪಕ್ಷಕ್ಕೆ ಮಾತ್ರ ಅನುಕೂಲ ಎಂದು ನಾವು ತಿಳಿದಿದ್ದರೆ ಆ ದಿನ ಕಣ್ಣು ತೆರೆಯಬೇಕಿತ್ತು. ತನ್ನ ಸಂಬಳಕ್ಕೆ ತಾನೇ 'ಹೌದು' ಎಂದದ್ದು ಹೆಸರಿನ ಮುಂದೆ ದಾಖಲಾಗುವುದು ಯಾವ ಪಕ್ಷದವನಿಗೂ ಬೇಕಿಲ್ಲ.

ತಲೆ ಎಣಿಸಲು ಸಮಯವಿಲ್ಲ, ಸೌಕರ್ಯವಿಲ್ಲ ಎಂಬ ಸಮಜಾಯಿಷಿ ಕೇಳಿಬರುತ್ತದೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರಕಾರದ ವಿಶ್ವಾಸಮತಕ್ಕೆ ಸಮಯವೂ ಇತ್ತು, ಸೌಕರ್ಯವೂ ಇತ್ತು. ಸಾಲುಸಾಲಾಗಿ ಎದ್ದು ನಿಲ್ಲಿಸಿ ಎಣಿಸಿದರು. ಪರ 99, ವಿರುದ್ಧ 105. ಯಾರು ಬಂದರು, ಯಾರು ಬರಲಿಲ್ಲ ಎಂದು ಸುರಪುರದ ಚಹಾ ಅಂಗಡಿಯಲ್ಲೂ ಲೆಕ್ಕವಾಯಿತು. ಅದಕ್ಕೂ ಮೊದಲು ಫೆಬ್ರವರಿ 8ರಂದು ಕುಮಾರಸ್ವಾಮಿಯವರು ಒಂದು ಧ್ವನಿಮುದ್ರಿಕೆ ಬಿಡುಗಡೆ ಮಾಡಿ, ನಮ್ಮ ಗುರುಮಠಕಲ್ ಶಾಸಕರನ್ನು ಅವರ ಮಗನ ಮೂಲಕ ಸೆಳೆಯಲು ಯತ್ನ ನಡೆದಿದೆ ಎಂದು ಆರೋಪಿಸಿದ್ದರು. ಒಬ್ಬ ಶಾಸಕನ ಒಂದು ಮತಕ್ಕೆ ಎಷ್ಟು ಬೆಲೆ ಎಂದು ಇಡೀ ರಾಜ್ಯ ಆ ದಿನಗಳಲ್ಲಿ ಮಾತಾಡಿತು. ಸರಕಾರ ಬೀಳುವ ಉಳಿಯುವ ಪ್ರಶ್ನೆಯಲ್ಲಿ ಅಷ್ಟು ಬೆಲೆಯಿರುವ ಮತಕ್ಕೆ ಕಾನೂನು ಮಾಡುವಾಗ ಹೆಸರೂ ಇಲ್ಲವೇ?

'ಹೆಸರು ಬರೆದುಕೊಂಡು ಏನು ಮಾಡುತ್ತೀರಿ? ಹೇಗೂ ಪಕ್ಷ ಹೇಳಿದಂತೆ ಮತ ಹಾಕಬೇಕು' ಎಂಬ ಇನ್ನೊಂದು ಉತ್ತರವಿದೆ. ಇದು ತಳ್ಳಿಹಾಕುವಂಥ ಮಾತಲ್ಲ. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿತು. ಪಕ್ಷ ಕೊಟ್ಟ ವಿಪ್‌ಗೆ ವಿರುದ್ಧವಾಗಿ ಮತ ಹಾಕಿದರೆ, ಮತ ಹಾಕದೆ ದೂರ ಉಳಿದರೂ, ಪಕ್ಷ 15 ದಿನದೊಳಗೆ ಕ್ಷಮಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ಆಯಾರಾಂ ಗಯಾರಾಂಗಳನ್ನು ತಡೆಯಲು ತಂದ ಕಾನೂನು ಅವರನ್ನು ತಡೆಯಲಿಲ್ಲ, 2019ರಲ್ಲಿ ರಾಜೀನಾಮೆಯ ದಾರಿಯಲ್ಲಿ ಅವರು ಹೊರನಡೆದದ್ದನ್ನು ಕಂಡೆವು. ತಡೆದದ್ದು ಮಸೂದೆಯ ಬಗ್ಗೆ ಬೇರೆ ಅಭಿಪ್ರಾಯವಿರುವ ಶಾಸಕನನ್ನು. ವಿಪ್‌ಗೆ ತಪ್ಪಿದವರ ಅನರ್ಹತೆಯನ್ನು ವಿಶ್ವಾಸಮತ, ಅವಿಶ್ವಾಸಮತಗಳಿಗೆ ಸೀಮಿತಗೊಳಿಸಿ ಎಂದು 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. ಆ ಶಿಫಾರಸು ಜಾರಿಗೆ ಬರಲಿಲ್ಲ.

ಇದು ನಮ್ಮ ಸೀಮೆಯಲ್ಲಿ ಇನ್ನೂ ವಿಚಿತ್ರವಾಗುತ್ತದೆ. ಇಲ್ಲಿ ಜನ ಪಕ್ಷಕ್ಕಿಂತ ಮನುಷ್ಯನಿಗೆ, ಮನೆತನಕ್ಕೆ ಓಟು ಹಾಕುತ್ತಾರೆ. ರಾಜೂಗೌಡರು 2004ರಲ್ಲಿ ಕನ್ನಡ ನಾಡು ಪಕ್ಷದಿಂದ ಗೆದ್ದರು, 2008 ಮತ್ತು 2018ರಲ್ಲಿ ಬಿಜೆಪಿಯಿಂದ. 2013ರಲ್ಲೂ 2023ರಲ್ಲೂ ಸುರಪುರ ರಾಜಾ ವೆಂಕಟಪ್ಪ ನಾಯಕರನ್ನು ಕಾಂಗ್ರೆಸ್ಸಿನಿಂದ ಕಳಿಸಿತು. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಉಪಚುನಾವಣೆಯಲ್ಲಿ ಮಗ ರಾಜಾ ವೇಣುಗೋಪಾಲ ನಾಯಕರು ಗೆದ್ದರು. ಶಹಾಪುರದಲ್ಲಿ ದರ್ಶನಾಪುರ, ಶಿರವಾಳ ಮನೆತನಗಳ ನಡುವಿನ ಸ್ಪರ್ಧೆ ಎಲ್ಲರಿಗೂ ಗೊತ್ತು. 2013ರಲ್ಲಿ ಗುರು ಪಾಟೀಲ ಶಿರವಾಳರು ಗೆದ್ದದ್ದು ಕೆಜೆಪಿಯಿಂದ, ಆ ಪಕ್ಷವೇ ಈಗ ಕಣದಲ್ಲಿಲ್ಲ. 'ನಮ್ಮ ಗೌಡ', 'ನಮ್ಮ ದೊರೆ' ಎಂದು ಕಳಿಸಿದವನು ಬೆಂಗಳೂರಿಗೆ ಹೋಗಿ ಪಕ್ಷದ ಒಂದು ಅಂಕಿಯಾಗುತ್ತಾನೆ. ಊರಿಗೆ ಮರಳಿದಾಗ ಮತ್ತೆ ನಮ್ಮ ಗೌಡನಾಗುತ್ತಾನೆ. ಹೋಗಿ ಬರುವ ಈ ನಡುವಿನ ಅವಧಿಯೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ವಿಪ್‌ಗೆ ಮಣಿದು ಮತ ಹಾಕಿದೆ ಎನ್ನುವುದಾದರೆ ಹಾಗೆಂದು ನಮ್ಮೆದುರು ಹೇಳಲಿ. ವಿಪ್ ಬಾಯಿ ಕಟ್ಟುವುದು ಸದನದೊಳಗಿನ ಮತಕ್ಕೆ. ಶಹಾಪುರದ ಸಭೆಯಲ್ಲಿ ಕಾರಣ ಹೇಳಲು ಯಾವ ವಿಪ್ಪೂ ಅಡ್ಡಬರುವುದಿಲ್ಲ.

ಹೆಸರಿಟ್ಟು ಮತ ಹಾಕಿದ ಕಾನೂನು ಹೇಗಿರುತ್ತದೆ ಎಂಬುದಕ್ಕೆ ನಮ್ಮ ಮನೆಯಂಗಳದಲ್ಲೇ ಉದಾಹರಣೆಯಿದೆ. ಸಂವಿಧಾನದ 371ಜೆ ವಿಧಿ. ನಿಜಾಮ ಸಂಸ್ಥಾನದಿಂದ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಈ ಹಿಂದುಳಿದ ಪ್ರದೇಶಕ್ಕೆ ವಿಶೇಷ ಸ್ಥಾನ ಬೇಕೆಂದು ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು. ಎನ್‌ಡಿಎ ಸರಕಾರದ ಕಾಲದಲ್ಲಿ ಬೇಡಿಕೆ ತಿರಸ್ಕೃತವಾಗಿತ್ತು. ಕೊನೆಗೆ 2012ರ ಡಿಸೆಂಬರ್ 18ರಂದು ಲೋಕಸಭೆ, ಮರುದಿನ ರಾಜ್ಯಸಭೆ ತಿದ್ದುಪಡಿಯನ್ನು ಅಂಗೀಕರಿಸಿದವು. ಸಂವಿಧಾನ ತಿದ್ದುಪಡಿಗೆ 368ನೇ ವಿಧಿಯ ಪ್ರಕಾರ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲವೂ ಬೇಕು. ಎಣಿಸದೆ ಇದನ್ನು ತಿಳಿಯುವಂತಿಲ್ಲ. ಹಾಗಾಗಿ ಅಂದು ಪಕ್ಷಭೇದವಿಲ್ಲದೆ ಎಲ್ಲರೂ ಎಣಿಕೆಗೆ ಸಿಕ್ಕರು. ಇಂದು ಯಾದಗಿರಿಯ ಹುಡುಗಿಗೆ ಮೆಡಿಕಲ್ ಸೀಟು ಸಿಕ್ಕರೆ, ಸುರಪುರದ ಹುಡುಗನಿಗೆ ಸಿ ದರ್ಜೆಯ ಸ್ಥಳೀಯ ಹುದ್ದೆಗಳ ಶೇ. 80ರ ಮೀಸಲಿನಲ್ಲಿ ನೌಕರಿ ಸಿಕ್ಕರೆ ಅದರ ಹಿಂದೆ ಹೆಸರುಳ್ಳ ಮತಗಳಿವೆ. ಈ ಮತದ ಹೆಗ್ಗಳಿಕೆಯನ್ನು ಎಲ್ಲ ಪಕ್ಷದವರೂ ಹಂಚಿಕೊಳ್ಳುತ್ತಾರೆ, ನಾವು ಬೇಡ ಎನ್ನುವುದಿಲ್ಲ. ಆದರೆ ಮೆಚ್ಚುಗೆಗೆ ಎಣಿಕೆ ಬೇಕು, ಆಕ್ಷೇಪಣೆಗೆ ಬೇಡ ಎಂದರೆ ಹೇಗೆ?

ಸಂಸತ್ತು ಪೂರ್ಣ ಆದರ್ಶವೆಂದು ಹೇಳುತ್ತಿಲ್ಲ. 2020ರ ಸೆಪ್ಟೆಂಬರ್ 20ರಂದು ಮೂರು ಕೃಷಿ ಮಸೂದೆಗಳಲ್ಲಿ ಎರಡು ರಾಜ್ಯಸಭೆಯಲ್ಲಿ ಧ್ವನಿಮತದಿಂದಲೇ ಹೊರಬಿದ್ದವು. ಎಣಿಸಿ ಎಂದು ಒತ್ತಾಯಿಸಿ ಗದ್ದಲವೆಬ್ಬಿಸಿದವರಲ್ಲಿ ಎಂಟು ಮಂದಿ ಅಮಾನತಾದರು, ಅವರಲ್ಲಿ ನಮ್ಮ ಕರ್ನಾಟಕದ ಸೈಯದ್ ನಾಸಿರ್ ಹುಸೇನ್ ಒಬ್ಬರು. ಲೋಕಸಭೆಯ 367ನೇ ನಿಯಮದಲ್ಲಿ ಒಂದು ಒಳದಾರಿಯೂ ಇದೆ. ಮತವಿಭಜನೆಯ ಬೇಡಿಕೆ ಅನಗತ್ಯವೆಂದು ಸ್ಪೀಕರ್‌ಗೆ ಅನಿಸಿದರೆ ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಬಹುದು, ಹೆಸರು ಬರೆದುಕೊಳ್ಳಬೇಕಿಲ್ಲ. ಆದರೂ ಮತವಿಭಜನೆ ನಡೆದ ದಿನ ಪಟ್ಟಿ ಹೆಸರು ಸಹಿತ ನಡವಳಿಯಲ್ಲಿ ಅಚ್ಚಾಗುತ್ತದೆ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿಗೆ 454 ಪರ, 2 ವಿರುದ್ಧ. ಆ ಇಬ್ಬರು ಅಸದುದ್ದೀನ್ ಒವೈಸಿ ಮತ್ತು ಇಮ್ತಿಯಾಝ್ ಜಲೀಲ್. ಒಳಮೀಸಲಾತಿ ಇಲ್ಲದ್ದಕ್ಕೆ ವಿರೋಧಿಸಿದೆವು ಎಂದು ಅವರು ಹೇಳಿದರು. ಒಪ್ಪುವವರು ಒಪ್ಪಿದರು, ಬೈಯುವವರು ಬೈದರು. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆಗೆ ಲೋಕಸಭೆಯಲ್ಲಿ 288 ಪರ, 232 ವಿರುದ್ಧ. ಸೋತವರಿಗೂ ತಮ್ಮ ಜೊತೆ ಎಷ್ಟು ಜನರಿದ್ದರು ಎಂಬುದು ಗೊತ್ತಾಯಿತು. ಇಂಗ್ಲೆಂಡಿನ ಸಂಸತ್ತು ಇಂತಹ ಪಟ್ಟಿಗಳನ್ನು ಅಧಿಕೃತವಾಗಿ ಪ್ರಕಟಿಸತೊಡಗಿದ್ದು 1836ರಲ್ಲಿ. ಅವರ ಸಂಸದೀಯ ಪದ್ಧತಿಯನ್ನು ಪಡೆದು ನಾವು ಇದೊಂದನ್ನು ಅಲ್ಲೇ ಬಿಟ್ಟುಬಂದೆವು.

ಪತ್ರಿಕೆಗಳೂ ಇದರಲ್ಲಿ ಪಾಲುದಾರರು, ನಮ್ಮನ್ನೂ ಸೇರಿಸಿ. 'ಗದ್ದಲದ ನಡುವೆ ಮಸೂದೆ ಅಂಗೀಕಾರ' ಎಂಬ ತಲೆಬರಹ ಬರೆದು ಮುಗಿಸುತ್ತೇವೆ. ಸದಸ್ಯರ ಹಾಜರಾತಿ, ಕೇಳಿದ ಪ್ರಶ್ನೆ, ಭಾಗವಹಿಸಿದ ಚರ್ಚೆಗಳ ಲೆಕ್ಕವನ್ನು ಇಡುವ ಪಿಆರ್‌ಎಸ್‌ನಂತಹ ಸಂಸ್ಥೆಗಳು ದೆಹಲಿಯಲ್ಲಿವೆ. ಆ ಲೆಕ್ಕದಲ್ಲೂ ಮತದ ಕಲಮಿಲ್ಲ, ಏಕೆಂದರೆ ಹೆಚ್ಚಿನ ಮಸೂದೆಗಳಿಗೆ ಮತದ ದಾಖಲೆಯೇ ಹುಟ್ಟುವುದಿಲ್ಲ. ಹುಟ್ಟುವಂತೆ ಮಾಡಬೇಕಾದವರು ಸದನದ ನಿಯಮ ಬರೆಯುವವರು. ಮಸೂದೆಯ ಕೊನೆಯ ಘಟ್ಟದ ಮತವನ್ನು ಹೆಸರು ಸಹಿತ ದಾಖಲಿಸಬೇಕೆಂಬ ನಿಯಮಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ, ಸದನ ತನ್ನ ಕಾರ್ಯವಿಧಾನದ ನಿಯಮಗಳನ್ನು ತಾನೇ ತಿದ್ದಿಕೊಂಡರೆ ಸಾಕು. ನಮ್ಮ ಜಿಲ್ಲೆಯ ನಾಲ್ವರು ಶಾಸಕರಲ್ಲಿ ಒಬ್ಬರಾದರೂ ಇದನ್ನು ಸದನದಲ್ಲಿ ಕೇಳಲಿ ಎಂದು ನಾವು ಒತ್ತಾಯಿಸಬಹುದು. ಅಲ್ಲಿಯವರೆಗೆ ಅವರೇ ಬರೆದುಕೊಡಬಹುದು. ಈ ಮಸೂದೆ, ಈ ದಿನ, ನಾನು ಹಾಜರಿದ್ದೆ, 'ಹೌದು' ಎಂದೆ, ಕಾರಣ ಇದು. ಒಂದು ಅಧಿವೇಶನಕ್ಕೆ ಒಂದು ಹಾಳೆ ಬೇಕಾಗಬಹುದು.

ಈ ಲೇಖನ ಬರೆಯುವ ಮೊದಲು ಇಂತಹ ಕೈಪಿಡಿಗಳನ್ನು ಅಚ್ಚು ಹಾಕುವ ಮುದ್ರಕರೊಬ್ಬರನ್ನು ಕೇಳಿದೆವು: ಹೀಗೆ ಎರಡು ಪುಟ ಹೆಚ್ಚಿಗೆ ಸೇರಿಸಿದರೆ ಖರ್ಚೆಷ್ಟಾಗುತ್ತದೆ?

'ಏನೂ ಆಗೋದಿಲ್ರಿ' ಎಂದರು. 'ಹದಿನಾರು ಪುಟದ ಲೆಕ್ಕದಾಗ ಹಾಕ್ತೀವಿ. ಕೊನೀಗೆ ಒಂದೆರಡು ಪುಟ ಖಾಲಿ ಉಳೀತಾವ. ಅದಕ್ಕ ಕ್ಯಾಲೆಂಡರ್ ಹಾಕೋದು.'